ಚಕ್ರವರ್ತಿಯ ಮನೆ ಒಪ್ಪದ ಸೊಸೆ: ಸೋಫಿ ಚೋಟೆಕ್

ಮೊದಲನೆಯ ಮಹಾಯುದ್ಧದ ತಕ್ಷಣದ ಕಾರಣವೇನು ಎಂದು ಕೇಳಿದರೆ ಹೈಸ್ಕೂಲು ಮುಗಿಸಿದ ಯಾರೇ ಆದರೂ ಆಸ್ಟ್ರಿಯಾದ ಯುವರಾಜ ಫರ್ಡಿನಾಂಡ್‌ನ ಕೊಲೆ ಎನ್ನುತ್ತಾರೆ. ಎರಡು ಅಂಕಕ್ಕೆ ನಾನೂ ಅಷ್ಟೇ ಬರೆದವನು. ಅದೇ ಕಾರಿನಲ್ಲಿ ಅವನ ಪಕ್ಕದಲ್ಲೇ ಕುಳಿತು ಗುಂಡಿಗೆ ಬಲಿಯಾದ ಹೆಂಡತಿಯ ಕಥೆಯನ್ನು ನಾನು ತಿಳಿದದ್ದು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ಬಿಡುವಿನ ಓದಿನಲ್ಲಿ.

ಸೋಫಿ ಚೋಟೆಕ್ ಹುಟ್ಟಿದ್ದು 1868ರಲ್ಲಿ, ಬೊಹೆಮಿಯಾದ ಹಳೆಯ ಜಹಗೀರುದಾರ ಮನೆತನದಲ್ಲಿ. ತಂದೆ ರಾಯಭಾರಿ. ಮನೆತನ ದೊಡ್ಡದಾದರೂ ಹಣ ಅಷ್ಟಾಗಿರಲಿಲ್ಲ. ಹಾಗಾಗಿ ಆಕೆ ರಾಜಮನೆತನದ ಇಸಬೆಲ್ಲಾ ಎಂಬಾಕೆಯ ಬಳಿ ಸಖಿಯಾಗಿ ಸೇವೆಗೆ ಸೇರಿದಳು. ಫರ್ಡಿನಾಂಡ್ ಆ ಮನೆಗೆ ಪದೇ ಪದೇ ಬರತೊಡಗಿದಾಗ, ತನ್ನ ಮಗಳನ್ನು ಮೆಚ್ಚಿಯೇ ಬರುತ್ತಿದ್ದಾನೆಂದು ಇಸಬೆಲ್ಲಾ ಭಾವಿಸಿದ್ದಳು. ಅವನು ಮೆಚ್ಚಿದ್ದು ಸೋಫಿಯನ್ನು.

ಹ್ಯಾಬ್ಸ್‌ಬರ್ಗ್ ವಂಶದ ಕಟ್ಟಳೆಯಂತೆ ಯುವರಾಜನ ಹೆಂಡತಿ ಆಳುವ ವಂಶದವಳೋ ಅದಕ್ಕೆ ಸಮನಾದ ಮನೆತನದವಳೋ ಆಗಿರಬೇಕಿತ್ತು. ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಒಪ್ಪಲಿಲ್ಲ. ಫರ್ಡಿನಾಂಡ್ ಪಟ್ಟು ಬಿಡಲಿಲ್ಲ. ಕೊನೆಗೆ 1900ರ ಜೂನ್ 28ರಂದು, ಹೆಂಡತಿಗೆ ರಾಣಿಯ ಪಟ್ಟವಾಗಲಿ ಹುಟ್ಟುವ ಮಕ್ಕಳಿಗೆ ಸಿಂಹಾಸನದ ಹಕ್ಕಾಗಲಿ ಇರುವುದಿಲ್ಲವೆಂದು ಅವನು ಎಲ್ಲರೆದುರು ಪ್ರಮಾಣ ಮಾಡಿದ. ಜುಲೈ 1ರಂದು ಮದುವೆ ನಡೆಯಿತು. ಚಕ್ರವರ್ತಿ ಬರಲಿಲ್ಲ, ವರನ ಸ್ವಂತ ತಮ್ಮಂದಿರೂ ಬರಲಿಲ್ಲ.

ಮುಂದಿನ ಹದಿನಾಲ್ಕು ವರ್ಷ ಆಕೆ ಸಣ್ಣ ಸಣ್ಣ ಅವಮಾನಗಳನ್ನು ನುಂಗಿದಳು. ಅರಮನೆಯ ಮೆರವಣಿಗೆಯಲ್ಲಿ ಗಂಡನ ಜೊತೆ ನಡೆಯುವಂತಿರಲಿಲ್ಲ; ರಾಜವಂಶದ ಹೆಣ್ಣುಮಕ್ಕಳೆಲ್ಲ ಸಾಗಿದ ಮೇಲೆ ಅವಳ ಸರದಿ. 1909ರಲ್ಲಿ ಡಚೆಸ್ ಪದವಿ ಸಿಕ್ಕರೂ ಸಮಾನತೆ ಸಿಗಲಿಲ್ಲ. ಆದರೆ ಕೊನೊಪಿಷ್ಟೆಯ ಕೋಟೆಮನೆಯಲ್ಲಿ ಮೂರು ಮಕ್ಕಳೊಂದಿಗೆ ಅವರ ಸಂಸಾರ ಸುಖವಾಗಿತ್ತು. ಮನೆತನ ಅಳೆದು ಹೆಣ್ಣಿನ ಬೆಲೆ ಕಟ್ಟುವುದನ್ನು ನೋಡಿಯೇ ಬೆಳೆದ ನಮಗೆ ಈ ಕಥೆ ದೂರದ್ದೆನಿಸುವುದಿಲ್ಲ.

1914ರ ಜೂನ್‌ನಲ್ಲಿ ಫರ್ಡಿನಾಂಡ್ ಸೇನೆಯ ಕವಾಯತು ನೋಡಲು ಬೋಸ್ನಿಯಾಕ್ಕೆ ಹೋದ. ವಿಯೆನ್ನಾದ ಕಟ್ಟಳೆ ಅಲ್ಲಿ ಅಡ್ಡಬರಲಿಲ್ಲ. ಜೂನ್ 28ರಂದು ಸರಾಯೆವೊದಲ್ಲಿ ಇಬ್ಬರೂ ತೆರೆದ ಕಾರಿನಲ್ಲಿ ಅಕ್ಕಪಕ್ಕ ಕುಳಿತರು. ಅದು ಅವನು ಆ ಪ್ರಮಾಣ ಮಾಡಿದ ದಿನವೇ. ಬೆಳಿಗ್ಗೆ ಎಸೆದ ಬಾಂಬಿನಿಂದ ಪಾರಾದ ಮೇಲೂ ಸೋಫಿ ಗಂಡನ ಜೊತೆ ಬಿಡಲಿಲ್ಲ. ಗಾಯಗೊಂಡ ಅಧಿಕಾರಿಯನ್ನು ನೋಡಲು ಆಸ್ಪತ್ರೆಗೆ ಹೊರಟಾಗ ಚಾಲಕ ತಪ್ಪು ರಸ್ತೆಗೆ ತಿರುಗಿದ. ಕಾರು ನಿಂತ ಜಾಗದಲ್ಲೇ ಗ್ಯಾವ್ರಿಲೊ ಪ್ರಿನ್ಸಿಪ್ ಇದ್ದ. ಎರಡು ಗುಂಡು, ಎರಡು ಜೀವ. ಸಾಯುವ ಗಳಿಗೆಯಲ್ಲಿ ಫರ್ಡಿನಾಂಡ್ ಬೇಡಿದ್ದು, ಮಕ್ಕಳಿಗಾಗಿ ನೀನು ಬದುಕಬೇಕು ಎಂದು.

ವಿಯೆನ್ನಾದಲ್ಲಿ ಶವಪೆಟ್ಟಿಗೆಗಳನ್ನಿಟ್ಟಾಗಲೂ ಅವಳದನ್ನು ಗಂಡನದಕ್ಕಿಂತ ತಗ್ಗಿನಲ್ಲಿಟ್ಟರು. ರಾಜವಂಶದ ಸಮಾಧಿಯಲ್ಲಿ ಅವಳಿಗೆ ಜಾಗವಿಲ್ಲವೆಂದು ಅರಿತಿದ್ದ ಫರ್ಡಿನಾಂಡ್, ಆರ್ಟ್‌ಸ್ಟೆಟೆನ್‌ನಲ್ಲಿ ಬೇರೆಯೇ ಸಮಾಧಿ ಕಟ್ಟಿಸಿಟ್ಟಿದ್ದ. ಅಂತಸ್ತಿನ ಲೆಕ್ಕ ಹಾಕುತ್ತಿದ್ದ ಆ ಸಾಮ್ರಾಜ್ಯ 1918ರಲ್ಲಿ ಅಳಿಯಿತು. ಆರ್ಟ್‌ಸ್ಟೆಟೆನ್‌ನಲ್ಲಿ ಗಂಡ ಹೆಂಡತಿ ಇಂದಿಗೂ ಅಕ್ಕಪಕ್ಕದಲ್ಲೇ ಇದ್ದಾರೆ.