ವಾಲ್ಡಾರ್ಫ್ ಆಸ್ಟೋರಿಯಾ, ನ್ಯೂಯಾರ್ಕ್

ನ್ಯೂಯಾರ್ಕ್ ನಗರದ ಪಾರ್ಕ್ ಅವೆನ್ಯೂದಲ್ಲಿರುವ 47 ಅಂತಸ್ತಿನ ಐಷಾರಾಮಿ ಹೋಟೆಲು. ಬೇರೆಡೆ ಇದ್ದ ಇದೇ ಹೆಸರಿನ ಮೂಲ ಹೋಟೆಲನ್ನು 1929ರಲ್ಲಿ ಕೆಡವಿ, ಆ ಜಾಗದಲ್ಲಿ ಎಂಪೈರ್ ಸ್ಟೇಟ್ ಕಟ್ಟಡವನ್ನು ಎಬ್ಬಿಸಲಾಯಿತು. ಶುಲ್ಟ್ಸ್ ಮತ್ತು ವೀವರ್ ಸಂಸ್ಥೆ ಆರ್ಟ್ ಡೆಕೊ ಶೈಲಿಯಲ್ಲಿ ವಿನ್ಯಾಸಗೊಳಿಸಿದ ಈಗಿನ ಕಟ್ಟಡ 1931ರ ಅಕ್ಟೋಬರ್ 1ರಂದು ತೆರೆಯಿತು. ಆಗ ಅದು ಜಗತ್ತಿನ ಅತಿ ಎತ್ತರದ ಹೋಟೆಲು. ಹರ್ಬರ್ಟ್ ಹೂವರ್‌ರಿಂದ ಬರಾಕ್ ಒಬಾಮವರೆಗಿನ ಅಮೆರಿಕದ ಅಧ್ಯಕ್ಷರೆಲ್ಲ ಇಲ್ಲಿ ತಂಗಿದ್ದಾರೆ.

ಚೀನಾದ ಆನ್‌ಬಾಂಗ್ ವಿಮಾ ಸಂಸ್ಥೆ 195 ಕೋಟಿ ಡಾಲರಿಗೆ ಇದನ್ನು ಕೊಂಡಿತು. ನವೀಕರಣಕ್ಕೆಂದು 2017ರ ಮಾರ್ಚ್ 1ರಂದು ಬಾಗಿಲು ಮುಚ್ಚಿದ ಹೋಟೆಲು ಅತಿಥಿಗಳಿಗೆ ಮತ್ತೆ ತೆರೆದದ್ದು 2025ರಲ್ಲಿ. ಈ ನಡುವೆ ಆನ್‌ಬಾಂಗ್ 2018ರಲ್ಲಿ ಚೀನಾ ಸರ್ಕಾರದ ವಶವಾಯಿತು. ಅದರ ಆಸ್ತಿ ದಾಜಿಯಾ ಸಂಸ್ಥೆಗೆ ಹೋಯಿತು. ಕೋವಿಡ್ ಕೂಡ ಬಂದುಹೋಯಿತು.

ಹೊರಮೈಗೆ 1993ರಲ್ಲೇ ಸಂರಕ್ಷಿತ ಸ್ಮಾರಕದ ಮಾನ್ಯತೆ ಸಿಕ್ಕಿತ್ತು. ಆದರೆ ಹೋಟೆಲಿನ ಜೀವ ಇದ್ದದ್ದು ಒಳಗೆ. ಬೀಗ ಬಿದ್ದ ತಿಂಗಳಲ್ಲೇ ಮುಖ್ಯ ಒಳಾಂಗಣಗಳಿಗೂ ಆ ರಕ್ಷಣೆ ಸಿಕ್ಕಿತೆಂಬುದು ಇಡೀ ಪ್ರಕರಣದ ದೊಡ್ಡ ಸಮಾಧಾನ. ಪಾರ್ಕ್ ಅವೆನ್ಯೂ ಕಡೆಯ ಹಜಾರದ ನೆಲದಲ್ಲಿ, ಫ್ರೆಂಚ್ ಕಲಾವಿದ ಲೂಯಿ ರಿಗಾಲ್ ರಚಿಸಿದ 'ಬದುಕಿನ ಚಕ್ರ' ಮೊಸಾಯಿಕ್ ಇದೆ: ಸುಮಾರು 1,48,000 ಅಮೃತಶಿಲೆಯ ಚೂರುಗಳು, ಹುಟ್ಟಿನಿಂದ ಸಾವಿನವರೆಗಿನ ಘಟ್ಟಗಳು. 1893ರ ಷಿಕಾಗೊ ವಿಶ್ವಮೇಳದ ಕಂಚಿನ ಗಡಿಯಾರವನ್ನೂ ದುರಸ್ತಿ ಮಾಡಿ ಮರಳಿ ನಿಲ್ಲಿಸಲಾಗಿದೆ. ಅದರ ನೆತ್ತಿಯ ಮೇಲೆ ಪುಟ್ಟ ಸ್ವಾತಂತ್ರ್ಯ ದೇವಿ. ಸಂಗೀತ ಸಂಯೋಜಕ ಕೋಲ್ ಪೋರ್ಟರ್ ನುಡಿಸುತ್ತಿದ್ದ ಪಿಯಾನೊ ಕೂಡ ಹಿಂತಿರುಗಿದೆ.

ಬದಲಾದದ್ದು ಕೋಣೆಗಳ ಲೆಕ್ಕ. 1,400ಕ್ಕೂ ಹೆಚ್ಚಿದ್ದ ಅತಿಥಿ ಕೋಣೆಗಳು 375ಕ್ಕೆ ಇಳಿದಿವೆ. ಮೇಲಿನ ಅಂತಸ್ತುಗಳು ಮಾರಾಟದ ಅಪಾರ್ಟ್‌ಮೆಂಟುಗಳಾಗಿವೆ.