ಬಲಗಡೆಯಿಂದ ಬರುವವನಿಗೆ ದಾರಿ

ನಾಲ್ಕು ದಾರಿಗಳು ಕೂಡುವಲ್ಲಿ ಯಾರು ಮೊದಲು ಸಾಗಬೇಕು, ಯಾರು ತಡೆಯಬೇಕು ಎಂಬ ಪ್ರಶ್ನೆ ಸಿಗ್ನಲ್ ದೀಪಕ್ಕಿಂತಲೂ ಹಳೆಯದು. ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ 1868ರ ಡಿಸೆಂಬರಿನಲ್ಲಿ ನಿಲ್ಲಿಸಿದ ಗ್ಯಾಸ್ ದೀಪದ ಸಂಕೇತಸ್ತಂಭವು ಮರುತಿಂಗಳೇ ಸ್ಫೋಟಗೊಂಡು, ಅದನ್ನು ನಡೆಸುತ್ತಿದ್ದ ಪೊಲೀಸನನ್ನು ಗಾಯಗೊಳಿಸಿತು. ಆ ಪ್ರಯೋಗ ಅಲ್ಲಿಗೆ ನಿಂತಿತು. ದೀಪವಿಲ್ಲದ ಕೂಡುರಸ್ತೆಗೆ ನಿಯಮವೊಂದೇ ಗತಿಯಾಯಿತು. ನಮ್ಮ ದೇಶದ ಬಹುಪಾಲು ಕೂಡುರಸ್ತೆಗಳಿಗೆ ಇಂದಿಗೂ ಅದೇ ಗತಿ.

ಭಾರತದಲ್ಲಿ ಈ ನಿಯಮವನ್ನು 1939ರ ಮೋಟಾರು ವಾಹನ ಕಾಯಿದೆಯ ಹತ್ತನೆಯ ಅನುಸೂಚಿಯಲ್ಲಿ ಕಾಣಬಹುದು. ಕೂಡುರಸ್ತೆಯನ್ನು ಸಮೀಪಿಸುವ ಚಾಲಕನು ವೇಗವನ್ನು ತಗ್ಗಿಸತಕ್ಕದ್ದು. ಅಲ್ಲಿರುವವರಿಗೆ ಅಪಾಯವಾಗದೆಂದು ಮನಗಾಣುವ ತನಕ ಒಳಹೋಗತಕ್ಕದ್ದಲ್ಲ. ಪ್ರವೇಶಿಸುವ ರಸ್ತೆ ಮುಖ್ಯರಸ್ತೆಯೆಂದು ಘೋಷಿತವಾಗಿದ್ದರೆ ಅದರಲ್ಲಿ ಸಾಗುತ್ತಿರುವ ವಾಹನಗಳಿಗೆ ದಾರಿ ಬಿಡತಕ್ಕದ್ದು. ಉಳಿದೆಡೆ ಬಲಗಡೆಯಿಂದ ಬರುವ ಎಲ್ಲ ವಾಹನಗಳಿಗೂ ದಾರಿ ಬಿಡತಕ್ಕದ್ದು. 1988ರ ಹೊಸ ಕಾಯಿದೆಯ ಅಡಿಯಲ್ಲಿ ಬಂದ 1989ರ ರಸ್ತೆ ನಿಯಮಾವಳಿಯೂ ಇದನ್ನೇ ಉಳಿಸಿಕೊಂಡಿತು. 2017ರಲ್ಲಿ ಆ ನಿಯಮಾವಳಿಯ ಜಾಗಕ್ಕೆ ಹೊಸ ಚಾಲನಾ ನಿಯಮಾವಳಿ ಬಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಜನರು ಇದನ್ನು 'ಮೊದಲು ಹೋಗುವ ಹಕ್ಕು' ಎನ್ನುತ್ತಾರೆ. ಆದರೆ 1939ರ ಈ ವಾಕ್ಯಗಳು ಯಾರಿಗೂ ಹಕ್ಕನ್ನು ಕೊಟ್ಟಿಲ್ಲ. ದಾರಿ ಬಿಡುವ ಹೊಣೆಯನ್ನು ಮಾತ್ರ ಹೊರಿಸಿವೆ. ಲೆಕ್ಕದ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ಖರ್ಚಿನ ಬದಿಯನ್ನಷ್ಟೇ ಬರೆದು ಜಮೆಯ ಬದಿಯನ್ನು ಖಾಲಿ ಬಿಟ್ಟಂತಿದೆ. ಆದ್ದರಿಂದಲೇ ಅಪಘಾತ ಪರಿಹಾರದ ಮೊಕದ್ದಮೆಗಳಲ್ಲಿ 'ನನ್ನದು ಮುಖ್ಯರಸ್ತೆ' ಎಂಬ ವಾದವೊಂದೇ ಸಾಲದು. ವೇಗ ತಗ್ಗಿಸದೆ ಬಂದವನ ಮೇಲೂ ತಪ್ಪಿನ ಒಂದು ಪಾಲು ಬೀಳಬಹುದು.

ಬಲಗಡೆಯ ನಿಯಮದ ಗುಣದೋಷಗಳು ಪೂರ್ಣವಾಗಿ ಬೆಳಕಿಗೆ ಬಂದುದು ವೃತ್ತಗಳಲ್ಲಿ. ಫ್ರಾನ್ಸಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಅಲ್ಲಿಯೂ ಬಲಗಡೆಯವನಿಗೇ ಆದ್ಯತೆ. ಪ್ಯಾರಿಸ್ಸಿನ ಎತ್ವಾಲ್ ಚೌಕದಲ್ಲಿ 1907ರಲ್ಲಿ ವಾಹನಗಳನ್ನು ಒಂದೇ ದಿಕ್ಕಿಗೆ ಸುತ್ತಿಸುವ ಪದ್ಧತಿ ಬಂದಿತು. ಅಂಥ ವೃತ್ತದಲ್ಲಿ ಹೊರಗಿನಿಂದ ಒಳನುಗ್ಗುವ ವಾಹನ ಒಳಗಿರುವವನ ಬಲಕ್ಕೆ ಬರುತ್ತದೆ. ಒಳಗಿದ್ದವನು ನಿಲ್ಲಬೇಕು, ಹೊರಗಿನವನು ಬರಬೇಕು. ದಟ್ಟಣೆ ಹೆಚ್ಚಿದಾಗ ವೃತ್ತ ತುಂಬುತ್ತದೆ. ಹೊರಹೋಗುವ ದಾರಿಗೂ ತಡೆಯಾಗಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಫ್ರಾನ್ಸ್ 1980ರ ದಶಕದಲ್ಲಿ ಫಲಕ ನೆಟ್ಟ ವೃತ್ತಗಳಲ್ಲಿ ಕ್ರಮವನ್ನು ತಿರುಗಿಸಿ ಒಳಗಿರುವವರಿಗೆ ಆದ್ಯತೆ ಕೊಟ್ಟಿತು. ಎತ್ವಾಲ್ ಮಾತ್ರ ಹಳೆಯ ಕ್ರಮವನ್ನೇ ಹಿಡಿದುಕೊಂಡಿದೆ!

ಬ್ರಿಟನ್ನಿನ ವೃತ್ತಗಳೂ ಖಚಿತ ಆದ್ಯತೆಯಿಲ್ಲದೆ ಕಟ್ಟಿಕೊಳ್ಳುತ್ತಿದ್ದವು. ರಸ್ತೆ ಸಂಶೋಧನಾಲಯದ ಫ್ರಾಂಕ್ ಬ್ಲ್ಯಾಕ್‌ಮೋರ್ ಮುಂತಾದವರ ಶ್ರಮದ ಬಳಿಕ, ಒಳಬರುವವನು ತನ್ನ ಬಲಗಡೆಯಿಂದ ಸುತ್ತಿ ಬರುವವನಿಗೆ ದಾರಿ ಬಿಡಬೇಕೆಂಬ ನಿಯಮ 1966ರ ನವೆಂಬರಿನಲ್ಲಿ ಜಾರಿಯಾಯಿತು. ಅದೇ ವೃತ್ತ, ಅಷ್ಟೇ ಜಾಗ. ಕಾಯುವವನು ಬದಲಾದುದರಿಂದ ಹಾದುಹೋಗುವ ವಾಹನಗಳ ಸಂಖ್ಯೆ ಹೆಚ್ಚಿತು. ಎಡಬದಿಯಲ್ಲಿ ಚಲಿಸುವ ನಮ್ಮಲ್ಲಿಯೂ ವೃತ್ತದೊಳಗಿನ ವಾಹನ ಬಲದಿಂದಲೇ ಬರುತ್ತದೆ. ಹಾಗಾಗಿ 1939ರ ವಾಕ್ಯವನ್ನು ಅಕ್ಷರಶಃ ಓದಿದರೆ, ಮೈಸೂರಿನ ಕೃಷ್ಣರಾಜ ವೃತ್ತದಂಥ ಸ್ಥಳಗಳಿಗೆ ಬೇಕಾದ ಸೂತ್ರ ಬ್ರಿಟನ್ನಿಗಿಂತ 27 ವರ್ಷ ಮೊದಲೇ ನಮ್ಮ ಕಾಯಿದೆಯಲ್ಲಿತ್ತು. ಪಾಲನೆಯ ಮಾತು ಬೇರೆ. ದೊಡ್ಡ ಗಾಡಿಗೆ ಮೊದಲು ದಾರಿ ಎಂಬ ಅಲಿಖಿತ ನಿಯಮವೇ ಬೀದಿಯಲ್ಲಿ ಹೆಚ್ಚು ನಡೆಯುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿಯೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ.

ಬಲಗಡೆಯ ನಿಯಮಕ್ಕೆ ಇನ್ನೊಂದು ಕೊರತೆಯೂ ಉಂಟು. ನಾಲ್ಕು ದಿಕ್ಕುಗಳಿಂದ ನಾಲ್ಕು ವಾಹನಗಳು ಏಕಕಾಲಕ್ಕೆ ಬಂದರೆ ಪ್ರತಿಯೊಬ್ಬನ ಬಲಕ್ಕೂ ಒಬ್ಬನಿರುತ್ತಾನೆ. ನಿಯಮವು ನಾಲ್ವರನ್ನೂ ನಿಲ್ಲಿಸುತ್ತದೆ. ಅಮೆರಿಕದಲ್ಲಿ ನಾಲ್ಕೂ ಕಡೆ 'ನಿಲ್ಲಿ' ಫಲಕವಿರುವ ಕೂಡುರಸ್ತೆಗಳಲ್ಲಿ ಮೊದಲು ಬಂದವನು ಮೊದಲು ಹೋಗುತ್ತಾನೆ, ಒಟ್ಟಿಗೆ ಬಂದಾಗ ಬಲಗಡೆಯವನು. ಅಲ್ಲಿಯೂ ನಾಲ್ವರು ಒಟ್ಟಿಗೆ ಬಂದರೆ ತೊಡಕು ಉಳಿಯುತ್ತದೆ. ಆಗ ಒಬ್ಬ ಚಾಲಕನು ಕೈಸನ್ನೆಯಿಂದ ತನ್ನ ಸರದಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟ ಮೇಲೆಯೇ ಉಳಿದವರು ಚಲಿಸುವುದು.