ಚಂದ್ರಲೇಖಾ ಕುಣಿಯದಿದ್ದ ವರ್ಷಗಳು

ನಮ್ಮ ಊರುಗಳಲ್ಲಿ ಭರತನಾಟ್ಯ ಕಲಿತ ಹೆಣ್ಣುಮಕ್ಕಳಿಗೆ ಲೆಕ್ಕವಿಲ್ಲ. ಕಲಿತು ಬಿಟ್ಟವರಿಗಂತೂ ಲೆಕ್ಕವೇ ಇಲ್ಲ. ಪರೀಕ್ಷೆ, ಮದುವೆ, ಬಾಣಂತನ ಎಂದು ಒಂದೊಂದೇ ಬರುತ್ತದೆ, ಗೆಜ್ಜೆ ಟ್ರಂಕಿನ ತಳ ಸೇರುತ್ತದೆ. ನನ್ನದೂ ಹಾಗೆಯೇ ಸೇರಿತು. ಅದಕ್ಕೇ ಇರಬೇಕು, ನೃತ್ಯಸಂಯೋಜಕಿ ಚಂದ್ರಲೇಖಾ ಅವರ ಬದುಕನ್ನು ಓದುವಾಗ ಅವರು ಕುಣಿದ ವರ್ಷಗಳಿಗಿಂತ ಕುಣಿಯದಿದ್ದ ವರ್ಷಗಳೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತವೆ.

ಅವರು ಹುಟ್ಟಿದ್ದು 1928ರಲ್ಲಿ, ಮಹಾರಾಷ್ಟ್ರದ ವಾಡಾದಲ್ಲಿ. ತಂದೆ ವೈದ್ಯರು. ಕಾನೂನಿನ ಓದನ್ನು ಅರ್ಧಕ್ಕೆ ಬಿಟ್ಟು ಮದರಾಸಿಗೆ ಬಂದ ಹುಡುಗಿ ಕಾಂಚೀಪುರಂ ಎಲ್ಲಪ್ಪ ಪಿಳ್ಳೆಯವರ ಬಳಿ ಭರತನಾಟ್ಯ ಕಲಿತಳು. 1952ರಲ್ಲಿ ನಡೆದ ರಂಗಪ್ರವೇಶ ರಾಯಲಸೀಮೆಯ ಬರಪರಿಹಾರ ನಿಧಿಯ ಸಹಾಯಾರ್ಥವಾಗಿತ್ತು. ‘ಮಥುರಾ ನಗರಿಲೋ’ ಎಂಬ ರಚನೆಗೆ ಅಭಿನಯ ನಡೆದಿತ್ತು: ತುಂಬಿದ ಯಮುನೆ, ಸಖಿಯರ ನೀರಾಟ. ಆಗಲೇ ಪತ್ರಿಕೆಯಲ್ಲಿ ಕಂಡಿದ್ದ ಚಿತ್ರಗಳು ನೆನಪಿಗೆ ಬಂದವು. ಬಿರುಕು ಬಿಟ್ಟ ನೆಲ, ಡಬ್ಬ ಹಿಡಿದು ನೀರಿಗಾಗಿ ಸಾಲು ನಿಂತ ಜನ. ಆ ಗಳಿಗೆಯಲ್ಲಿ ತಾನು ಮರಗಟ್ಟಿ ನಿಂತೆನೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ನಲ್ಲಿಯ ಮುಂದೆ ಕೊಡವಿಟ್ಟು ಕಾದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನವೇ ಅವರು ನೃತ್ಯ ಬಿಟ್ಟರೆಂದಲ್ಲ. ಮುಂದೆಯೂ ಕುಣಿದರು, ಹೆಸರೂ ಬಂತು. ಆದರೆ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಕ್ರಮೇಣ ವೇದಿಕೆಯಿಂದ ದೂರ ಸರಿದರು. 1972ರಲ್ಲಿ ‘ನವಗ್ರಹ’ ಎಂಬ ಪ್ರಯೋಗ ಮಾಡಿದರು; ಆಮೇಲೆ ಮತ್ತೆ ಹನ್ನೆರಡು ವರ್ಷ ವೇದಿಕೆಗೆ ಬರಲಿಲ್ಲ. ಹಾಗೆಂದು ಸುಮ್ಮನೆ ಕೂರಲೂ ಇಲ್ಲ. ಬರೆದರು, ಪೋಸ್ಟರುಗಳನ್ನು ರಚಿಸಿದರು, ಮಹಿಳಾ ಗುಂಪುಗಳ ಜೊತೆ ಶಿಬಿರ ನಡೆಸಿದರು. 1982ರಲ್ಲಿ ಅವರ ಮೇಲೂ ಸಂಗಾತಿ ಸದಾನಂದ ಮೆನನ್ ಅವರ ಮೇಲೂ ರಾಜದ್ರೋಹದ ಆರೋಪ ಬಂತು, ಅದು ನಿಲ್ಲಲಿಲ್ಲ.

1984ರಲ್ಲಿ ಮುಂಬೈಯಲ್ಲಿ ಪೂರ್ವ–ಪಶ್ಚಿಮ ನೃತ್ಯ ಸಮಾಗಮ ನಡೆಯಿತು. ಅಲ್ಲಿಂದ ಅವರು ಮತ್ತೆ ನೃತ್ಯಕ್ಕೆ ಬಂದರು. ಮರುವರ್ಷ ‘ಅಂಗಿಕ’ ಬಂದಾಗ ಅವರಿಗೆ ಐವತ್ತಾರು. ನಮ್ಮಲ್ಲಿ ಅದು ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುವ ವಯಸ್ಸು! ಭರತನಾಟ್ಯದ ಜೊತೆಗೆ ಅವರು ಯೋಗವನ್ನೂ ಕೇರಳದ ಕಳರಿಪಯಟ್ಟನ್ನೂ ತಂದರು. ದೇವರ ಕಥೆ, ತೂಕದ ಒಡವೆ, ತುಟಿಗೆ ಅಂಟಿಸಿಕೊಂಡ ನಗೆ ಎಲ್ಲವನ್ನೂ ತೆಗೆದಿಟ್ಟರು. ಉಳಿದದ್ದು ಅರೆಮಂಡಿಯಲ್ಲಿ ಕೂತ ದೇಹ, ಅದರ ನೇರ ಬೆನ್ನು, ಅದರ ಉಸಿರು. ಸಂಪ್ರದಾಯಸ್ಥರಿಗೆ ಇದು ರುಚಿಸಲಿಲ್ಲ. ಆದರೆ ಅವರು ಬೇಡವೆಂದದ್ದು ಅಲಂಕಾರವನ್ನು, ಅಡವುಗಳನ್ನಲ್ಲ.

1989ರಲ್ಲಿ ‘ಲೀಲಾವತಿ’ ಬಂತು. ಭಾಸ್ಕರಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿ ಬರೆದ ಗಣಿತ ಗ್ರಂಥ ನಮಗೆ ಶಾಲೆಯ ದಿನಗಳಿಂದ ಪರಿಚಿತ. ಜೇನ್ನೊಣ, ತಾವರೆಗಳ ಲೆಕ್ಕವನ್ನು ಹುಡುಗಿಯೊಬ್ಬಳಿಗೆ ಕೇಳುವ ಪುಸ್ತಕ ಅದು. ಆ ಲೆಕ್ಕಗಳನ್ನೇ ಅವರು ನೃತ್ಯಕ್ಕೆ ತಂದರು. ವಿರಹವಿಲ್ಲದೆಯೂ, ನಾಯಕನ ದಾರಿ ಕಾಯದೆಯೂ ಹೆಣ್ಣು ಕುಣಿಯಬಹುದಲ್ಲ ಎಂದು ನನಗೆ ಹಿಗ್ಗಾಗುವುದು ಇಲ್ಲಿಯೇ.

1991ರ ‘ಶ್ರೀ’ಯಲ್ಲಿ ಹೆಂಗಸರು ಬೆನ್ನು ಮುರಿದವರಂತೆ ಬಾಗಿ, ನಿಧಾನವಾಗಿ ನಡೆಯುತ್ತಾರೆ. ಕೊನೆಗೆ ಹಲವು ಕೈಗಳ ಶಕ್ತಿಯ ರೂಪ ಎದ್ದು ನಿಲ್ಲುತ್ತದೆ. ಗುಡಿಸುವಾಗ, ಒಲೆ ಊದುವಾಗ, ಹಿರಿಯರ ಮುಂದೆ ನಿಂತಾಗ ನಾವು ಬಾಗುತ್ತೇವೆ. ಕೆಲಸ ಮುಗಿದರೂ ಬೆನ್ನು ಹಾಗೆಯೇ ಉಳಿದುಬಿಡುತ್ತದೆ. ಅದನ್ನು ವೇದಿಕೆಯ ಮೇಲೆ ತರುವವರೆಗೆ ನಮಗೇ ಅದು ಕಂಡಿರಲಿಲ್ಲ.

ಅವರ ಕೊನೆಯ ಕೃತಿ 2001ರ ‘ಶರೀರ’. ಗುಂಡೇಚಾ ಸಹೋದರರ ಧ್ರುಪದ್ ಗಾಯನ. ವೇದಿಕೆಯ ಮೇಲೆ ಒಬ್ಬ ಹೆಣ್ಣು, ಒಬ್ಬ ಗಂಡು, ತೀರ ನಿಧಾನವಾದ ಚಲನೆ. ಹೆಣ್ಣಿನ ಪಾತ್ರಕ್ಕೆ ಅವರು ಆರಿಸಿಕೊಂಡದ್ದು ವೃತ್ತಿಯ ನರ್ತಕಿಯನ್ನಲ್ಲ, ಕವಯಿತ್ರಿ ತಿಶಾನಿ ದೋಶಿಯವರನ್ನು. ಅದೇ ಹೆಸರಿನಲ್ಲಿ ಐನ್ ಲಾಲ್ ಒಂದು ಸಾಕ್ಷ್ಯಚಿತ್ರವನ್ನೂ ತೆಗೆದಿದ್ದಾರೆ. ಪುಸ್ತಕದಂತೆ ನೃತ್ಯ ಕಪಾಟಿನಲ್ಲಿ ಉಳಿಯುವುದಿಲ್ಲ. ನೇರ ನೋಡಲಾಗದ ನಮ್ಮಂಥವರಿಗೆ ಇಂಥ ಚಿತ್ರಗಳೇ ಗತಿ.

2006ರ ಡಿಸೆಂಬರ್ 30ರಂದು ಅವರು ಚೆನ್ನೈಯಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯುವವರು ‘ಬಿಟ್ಟ ವರ್ಷಗಳು’ ಎಂದು ಆ ನಡುವಿನ ಕಾಲವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪೋಸ್ಟರ್ ಬರೆದ ಕೈ, ಹೆಂಗಸರ ಜೊತೆ ಚಾಪೆಯ ಮೇಲೆ ಕೂತು ಅವರ ಮಾತು ಕೇಳಿದ ಕಿವಿ ಇಲ್ಲದಿದ್ದರೆ ‘ಶ್ರೀ’ಯ ಆ ಬಾಗಿದ ಬೆನ್ನುಗಳು ಅವರಿಗೆ ಎಲ್ಲಿಂದ ಸಿಗುತ್ತಿದ್ದವು? ಹೆಂಗಸಿನ ಬದುಕಿನಲ್ಲಿ ಖಾಲಿ ಎಂದು ಊರು ಎಣಿಸುವ ವರ್ಷಗಳಲ್ಲೂ ಏನೋ ಕೂಡಿಕೊಳ್ಳುತ್ತಲೇ ಇರುತ್ತದೆ.